ಲೀಲಮ್ಮನ ಹೆಸರಿನ ಹುಲ್ಲು

ದಿಲ್ಲಿಯ ಜನಕಪುರಿ ಪಾರ್ಕಿನಲ್ಲಿ ಬೆಳಗ್ಗೆ ವಾಕಿಂಗಿಗೆ ಬರುವವರೆಲ್ಲ ಮುಂದೆ ನೋಡಿ ನಡೆಯುತ್ತಾರೆ. ಧಾರಿಣಿ ಮಾತ್ರ ನೆಲ ನೋಡಿ ನಡೆಯುತ್ತಾರೆ. ಎಪ್ಪತ್ತರ ಹೆಂಗಸು ಹೀಗೆ ತಲೆ ತಗ್ಗಿಸಿಕೊಂಡು ಹೊರಟರೆ ಏನೋ ಬೀಳಿಸಿಕೊಂಡಿದ್ದಾರೆ ಎಂದು ಜನಕ್ಕೆ ಅನ್ನಿಸುವುದು ಸಹಜ. "ಕ್ಯಾ ಗಿರ್ ಗಯಾ, ಆಂಟೀಜಿ?" ಎಂದು ವಾರಕ್ಕೊಬ್ಬರಾದರೂ ಕೇಳುತ್ತಾರೆ. ಏನೂ ಬಿದ್ದಿಲ್ಲ, ಹುಲ್ಲು ನೋಡುತ್ತಿದ್ದಾರೆ ಅಷ್ಟೆ. ಮಾಲಿ ಮೆಷಿನ್ ಹಿಡಿದು ಬಂದು ಹೂ ಬಿಟ್ಟ ಹುಲ್ಲನ್ನೆಲ್ಲ ಸವರಿ ಹಾಕಿದ ದಿನ ಅವರಿಗೆ ತಿಂಡಿ ಸೇರುವುದಿಲ್ಲ.

ಊರು ಹೊಸದುರ್ಗ. ತಾಯಿ ಲೀಲಮ್ಮ ಅಲ್ಲಿನ ಪ್ರೈಮರಿ ಶಾಲೆಯ ಮೇಷ್ಟ್ರಮ್ಮ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿದ ಧಾರಿಣಿ ೧೯೮೧ರಲ್ಲಿ ಮದುವೆಯಾಗಿ, ಸಚಿವಾಲಯವೊಂದರಲ್ಲಿ ಗುಮಾಸ್ತರಾಗಿದ್ದ ಏಕನಾಥರ ಕಿದ್ವಾಯಿ ನಗರದ ಕ್ವಾರ್ಟರ್ಸಿಗೆ ಬಂದರು. ಗಂಡ ಆಫೀಸಿಗೆ ಹೋದಮೇಲೆ ಮನೆಯಲ್ಲಿ ಕೂರಲಾಗದೆ ಹರ್ಬೇರಿಯಂ ಒಂದರಲ್ಲಿ ಕೆಲಸ ಹಿಡಿದರು. ಗಿಡಗಳನ್ನು ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಹೆಸರು ನಂಬರು ಬರೆದು ಬೀರುಗಳಲ್ಲಿಡುವ ಜಾಗ ಅದು. ಮರಗಳು, ಬಳ್ಳಿಗಳು, ಚಂದದ ಹೂಗಳನ್ನೆಲ್ಲ ಹಿರಿಯರು ಮೊದಲೇ ಹಂಚಿಕೊಂಡಿದ್ದರು. ಯಾರಿಗೂ ಬೇಡದ ಹುಲ್ಲು ಇವರ ಪಾಲಿಗೆ ಬಂತು. ಮೂವತ್ತು ವರ್ಷ ಅದನ್ನೇ ಮಾಡಿದರು. ಸಾವಿರಾರು ಹಾಳೆಗಳಿಗೆ ಸರಿಯಾದ ಹೆಸರು ಹಚ್ಚಿದರು. ಆದರೆ ಪ್ರಪಂಚಕ್ಕೇ ಹೊಸದು ಎಂದು ಅವರೇ ಗುರುತಿಸಿ ಹೆಸರಿಟ್ಟದ್ದು ಒಂದೇ ಒಂದಕ್ಕೆ: ದಿಲ್ಲಿಯ ದಕ್ಷಿಣದ ಕಲ್ಲುಗುಡ್ಡಗಳಲ್ಲಿ ಒಂದೇ ಸಲ ಸಿಕ್ಕಿ, ಮತ್ತೆಂದೂ ಸಿಗದ, ಮೊಣಕಾಲೆತ್ತರದ ಒಂದು ಹುಲ್ಲು. ಕಾಳಿನ ತುದಿಗೆ ಮೂರು ಮೀಸೆ, ಆ ಮೀಸೆಯ ಬುಡದಲ್ಲಿ ರೇಷ್ಮೆಯಂಥ ಕೂದಲು. ಅದಕ್ಕೆ ತಾಯಿಯ ಹೆಸರಿಟ್ಟರು. ಲ್ಯಾಟಿನ್ ಬಾಲ ಅಂಟಿಸಿಕೊಂಡು ಹೊಸದುರ್ಗದ ಲೀಲಮ್ಮ 'ಅರಿಸ್ಟಿಡಾ ಲೀಲಮ್ಮೆ' ಆದರು.

ಇಪ್ಪತ್ತೊಂಬತ್ತು ವರ್ಷ ಆದಮೇಲೆ, ಒಂದು ಗುರುವಾರ ಬೆಳಗ್ಗೆ, ಫೋನ್ ಬಂತು.

ಮಾಡಿದವಳು ಸಿಂಚನಾ. ದಿಲ್ಲಿಯ ಪಕ್ಕದ ಇಂದಿರಾಪುರಂನಲ್ಲಿ ಹುಟ್ಟಿ ಬೆಳೆದ ಕನ್ನಡದ ಹುಡುಗಿ, ಅದೇ ಹರ್ಬೇರಿಯಂನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಳು. ಹುಲ್ಲು ಆರಿಸಿಕೊಂಡ ಹುಡುಗಿ ಒಬ್ಬಳಾದರೂ ಇದ್ದಾಳಲ್ಲ ಎಂದು ಧಾರಿಣಿಗೆ ಅವಳ ಮೇಲೆ ಅಕ್ಕರೆ.

"ಆಂಟಿ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಟೈಪ್ ಶೀಟ್ ನೋಡ್ದೆ. ಮೀಸೆ ಹತ್ರ ಕೂದ್ಲಿದೆ ಅಂತ ಪೇಪರಲ್ಲಿ ಬರ್ದಿದೀರಿ. ಶೀಟಲ್ಲಿ ಬಿಲ್ಕುಲ್ ಇಲ್ಲ. ಅದು ಆರ್ಡಿನರಿ ಹುಲ್ಲು, ಎಲ್ಲಾ ಕಡೆ ಸಿಗೋದೇ."

"ಸರಿಯಾಗಿ ನೋಡು."

"ಮೂರು ಸಲ ನೋಡ್ದೆ ಆಂಟಿ. ಮಂಡೇ ನನ್ನ ಪೇಪರ್ ಕಳಿಸ್ಬೇಕು. ಆ ಹೆಸ್ರು... ತೆಗೀಬೇಕಾಗತ್ತೆ."

ಸಸ್ಯಶಾಸ್ತ್ರದ ಕಾನೂನಿಗೆ ಕರುಣೆ ಇಲ್ಲ. ಹೊಸ ಗಿಡದ ಹೆಸರು ನಿಲ್ಲುವುದು ಒಂದೇ ಒಂದು ಹಾಳೆಯ ಮೇಲೆ. ಹೆಸರಿಟ್ಟವರು ಇದೇ ನೋಡಿ ಎಂದು ನಂಬರು ಹೇಳಿ ತೋರಿಸಿದ ಆ ಹಾಳೆಯೇ ಟೈಪ್ ಶೀಟ್. ಅದನ್ನು ಕೆಂಪು ಹೊದಿಕೆಯೊಳಗೆ ಬೇರೆಯಾಗಿ ಇಡುತ್ತಾರೆ. ಅದರಲ್ಲಿರುವುದು ಹಳೆಯ ಗಿಡವೇ ಎಂದು ಯಾರಾದರೂ ತೋರಿಸಿಕೊಟ್ಟರೆ ಹೊಸ ಹೆಸರು ಪಟ್ಟಿಯಿಂದ ಬಿದ್ದುಹೋಯಿತು ಎಂದೇ ಲೆಕ್ಕ.

ಧಾರಿಣಿ ಚಹಾ ಸೋಸಿ, ಕುಡಿಯದೆ, ಬಾಲ್ಕನಿಗೆ ಹೋದರು, ಒಳಗೆ ಬಂದರು, ಮತ್ತೆ ಹೋದರು. "ಕೂತ್ಕೋ ಸ್ವಲ್ಪ," ಎಂದರು ಏಕನಾಥ. ಕೂರುವುದು ಹೇಗೆ? ಚಪ್ಪಲಿ ಮೆಟ್ಟಿ ಮೆಟ್ರೋ ಸ್ಟೇಷನ್ನಿಗೆ ಹೊರಟರು. ಸೀನಿಯರ್ ಸಿಟಿಜನ್ ಸೀಟು ಖಾಲಿಯಿದ್ದರೂ ದಾರಿಯುದ್ದಕ್ಕೂ ಕಂಬ ಹಿಡಿದು ನಿಂತೇ ಇದ್ದರು.

ಸಿಂಚನಾ ಕೆಂಪು ಹೊದಿಕೆ ಬಿಡಿಸಿ ಭೂತಗನ್ನಡಿ ಕೊಟ್ಟಳು. ಧಾರಿಣಿ ಬಗ್ಗಿ ನೋಡಿದರು. ಕೂದಲಿಲ್ಲ. ದಿಲ್ಲಿಯ ಯಾವ ಖಾಲಿ ಸೈಟಿನಲ್ಲಾದರೂ ಸಿಗುವ ಹುಲ್ಲು. ನಂಬರು ೪೩೯. ಪೇಪರಿನಲ್ಲಿ ಅಚ್ಚಾದ ನಂಬರೂ ಅದೇ.

"ಪಬ್ಲಿಶ್ ಆದ್ಮೇಲೆ ನೀವು ಈ ಶೀಟ್ ನೋಡ್ಲೇ ಇಲ್ವಾ?" ಎಂದು ಸಿಂಚನಾ ಮೆಲ್ಲಗೆ ಕೇಳಿದಳು.

ನೋಡಿರಲಿಲ್ಲ. ಆ ವರ್ಷ ಲೀಲಮ್ಮ ಹಾಸಿಗೆ ಹಿಡಿದಿದ್ದರು. ಧಾರಿಣಿ ಪೇಪರನ್ನು ಕೈಯಲ್ಲಿ ಬರೆದು, ಟೈಪ್ ಮಾಡಿ ಕಳಿಸಿ ಎಂದು ಗಂಡನಿಗೆ ಒಪ್ಪಿಸಿ ಹೊಸದುರ್ಗಕ್ಕೆ ಓಡಿದ್ದರು. ಅಚ್ಚಾಗಿ ಬರುವಷ್ಟರಲ್ಲಿ ತಾಯಿ ತೀರಿಕೊಂಡಿದ್ದರು. ಹರ್ಬೇರಿಯಂನವರು ಪೇಪರಿನಲ್ಲಿದ್ದ ನಂಬರು ನೋಡಿ ಹಾಳೆಯನ್ನು ಕೆಂಪು ಹೊದಿಕೆಗೆ ಸೇರಿಸಿದ್ದರು. ವಾಪಸು ಬಂದ ಧಾರಿಣಿ ಆ ಬೀರುವಿನ ಮುಂದೆ ದಿನಾ ಓಡಾಡಿದರೂ ಅದನ್ನು ಬಿಡಿಸಲಿಲ್ಲ. ಹೊದಿಕೆಯ ಮೇಲಿನ ಅಮ್ಮನ ಹೆಸರು ಕಂಡರೆ ಅಳು ಬರುತ್ತಿತ್ತು. ಅಳುವುದು ಬೇಡವೆಂದು ಬಿಟ್ಟರು. ವಿಜ್ಞಾನಿ ಮಾಡಬಾರದ ಕೆಲಸ, ಮಗಳಾಗಿ ಮಾಡಿದರು.

ಮಧ್ಯಾಹ್ನ ಮನೆಗೆ ಬಂದವರೇ ದಿವಾನಿನ ಹಲಗೆ ಎತ್ತಿದರು. ರಜಾಯಿಗಳನ್ನೆಲ್ಲ ಹೊರಗೆಸೆದು, ಗುಡ್ಡಗಳಲ್ಲಿ ಗಿಡ ಕೀಳುವಾಗ ಬರೆದಿಟ್ಟ, ಅಡಿಯಲ್ಲಿದ್ದ ನೋಟ್‌ಬುಕ್ಕನ್ನು ಎಳೆದರು. ಒಂದು ಗಿಡಕ್ಕೆ ಒಂದು ಪುಟ. ವಿವರವೆಲ್ಲ ಇಂಗ್ಲಿಷು, ನಂಬರು ಮಾತ್ರ ಕನ್ನಡ ಅಂಕಿಯಲ್ಲಿ. ಅಮ್ಮ ಕಲಿಸಿದ ಅಂಕಿ ಬಿಟ್ಟು ಬೇರೆ ಅಂಕಿಯಲ್ಲಿ ಅವರಿಗೆ ಕೈ ಓಡುತ್ತಿರಲಿಲ್ಲ. 'ಮೀಸೆಯ ಬುಡದಲ್ಲಿ ಕೂದಲು' ಎಂದು ಇಂಗ್ಲಿಷಿನಲ್ಲಿದ್ದ ಪುಟ ಸಿಕ್ಕಿತು.

"ಹಸ್ತಪ್ರತೀಲಿ ನಂಬರಿನ ಜಾಗ ಖಾಲಿ ಬಿಟ್ಟಿದ್ದೆ ನೀನು. ನೋಟ್‌ಬುಕ್ ನೋಡಿ ತುಂಬಿಸಿ ಅಂದೆ. ತುಂಬಿಸಿದೆ," ಎಂದು ಏಕನಾಥ ಕನ್ನಡಕ ಏರಿಸಿದರು. "ಇಲ್ಲೇ ಇದೆಯಲ್ಲ, ನಾನ್ನೂರ ಮೂವತ್ತೊಂಬತ್ತು."

"ಎಲ್ಲಿ ಒಂಬತ್ತು? ಅದು ಆರು ಕಣ್ರೀ."

"ಇದು ಆರಾ? ಇದು ಆರಾದ್ರೆ ನಾನು ರಾಷ್ಟ್ರಪತಿ."

"ನನ್ನ ಕೈಬರಹ ನನಗೆ ಗೊತ್ತಿಲ್ವಾ?"

ಮೂವತ್ತೈದು ವರ್ಷ ಫೈಲು ನೋಡಿದ ಮನುಷ್ಯ. ವಾದ ಬಿಟ್ಟು ಒಂದು ಪುಟ ಹಿಂದೆ ತಿರುವಿದರು. ೪೩೫. ಮುಂದಿನದು ೪೩೭. ಅಂದು ಒಂದೇ ಒಂದು ಪುಟ ತಿರುವಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂಬುದು ಏಕನಾಥರ ಮುಖದ ಮೇಲೆ ಬರೆದಂತಿತ್ತು.

ಆದರೆ ಧಾರಿಣಿ ಗಂಡನನ್ನು ನೋಡುತ್ತಿರಲಿಲ್ಲ, ಅಂಕಿಯನ್ನು ನೋಡುತ್ತಿದ್ದರು. ಕನ್ನಡದ ಆರಕ್ಕೂ ಒಂಬತ್ತಕ್ಕೂ ಬಾಲ ಎತ್ತ ತಿರುಗುತ್ತದೆ ಎನ್ನುವುದಷ್ಟೇ ವ್ಯತ್ಯಾಸ. ಎರಡನೇ ಕ್ಲಾಸಿನಲ್ಲಿ ಲೀಲಮ್ಮ ಮಗಳ ಸ್ಲೇಟನ್ನು ಇಡೀ ತರಗತಿಗೆ ಎತ್ತಿ ತೋರಿಸಿ, "ಇದು ಆರೋ ಒಂಬತ್ತೋ, ನೀನೇ ಹೇಳು ತಾಯಿ!" ಎನ್ನುತ್ತಿದ್ದರು. ಶಾಲೆಯಲ್ಲಿ ಮಗಳೂ ಅವರನ್ನು ಟೀಚರ್ ಎಂದೇ ಕರೆಯಬೇಕಿತ್ತು. ಬೆರಳ ಗಂಟಿಗೆ ಪೆಟ್ಟು ಬಿದ್ದರೂ ಬಾಲ ನೆಟ್ಟಗಾಗಲಿಲ್ಲ. ಯಾವ ತಪ್ಪನ್ನು ಅಮ್ಮ ತಿದ್ದಿ ತಿದ್ದಿ ಸೋತರೋ ಅದೇ ತಪ್ಪು ಈಗ ಅಮ್ಮನ ಹೆಸರನ್ನು ಅಳಿಸಲು ಹೊರಟಿತ್ತು.

ನಂಬರು ತಪ್ಪಿದ್ದರೆ ತಿದ್ದಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ಹೆಸರಿಟ್ಟವರು ನಿಜವಾಗಿ ನೋಡಿದ ಹಾಳೆ ಸಿಗಬೇಕು. ೪೩೬ ಎಲ್ಲಿ? ಆ ಸಂಜೆ ಪಾರ್ಕನ್ನು ಏಳು ಸುತ್ತು ಹಾಕಿದರು. ಒಂದು ಹುಲ್ಲೂ ಕಣ್ಣಿಗೆ ಬೀಳಲಿಲ್ಲ.

ಮರುದಿನ ಹರ್ಬೇರಿಯಂನ ಬಾಗಿಲು ತೆಗೆಯುವ ಮೊದಲೇ ಗಂಡ ಹೆಂಡತಿ ಇಬ್ಬರೂ ಅಲ್ಲಿದ್ದರು. ಯಾವ ಹೊದಿಕೆಗೂ ಸೇರದ ಹಾಳೆಗಳು ಹಿಂದಿನ ಕೋಣೆಯಲ್ಲಿ ಕಟ್ಟು ಕಟ್ಟಾಗಿ ಬಿದ್ದಿದ್ದವು. ಸಿಂಚನಾ ಒಂದು ಕಡೆಯಿಂದ, ಧಾರಿಣಿ ಇನ್ನೊಂದು ಕಡೆಯಿಂದ ಬಿಚ್ಚುತ್ತ ಹೋದರು. ಕೆಲವು ಕಟ್ಟುಗಳೊಳಗೆ ಹುಳ ತಿಂದು ಬಿಟ್ಟ ಪುಡಿ ಮಾತ್ರ ಉಳಿದಿತ್ತು. ಅಂಥದ್ದು ಕಂಡಾಗಲೆಲ್ಲ ಧಾರಿಣಿ ಪುಡಿಯೊಳಗೂ ಬೆರಳಾಡಿಸಿ ನಂಬರಿನ ಚೀಟಿ ಹುಡುಕುತ್ತಿದ್ದರು. ಊಟದ ಹೊತ್ತು ಮೀರಿತು. ಏಕನಾಥ ತಂದ ಪರಾಠಾ ಆರಿಹೋಯಿತು.

ಮೂರು ಗಂಟೆಯ ಸುಮಾರಿಗೆ ಧಾರಿಣಿಯ ಕೈ ನಿಂತಿತು. ದಂಟನ್ನು ಹುಳ ಬಹುಪಾಲು ಮುಗಿಸಿತ್ತು. ಲೇಬಲ್ಲಿನ ಇಂಗ್ಲಿಷ್ ನಂಬರು ಅರ್ಧ ಹೋಗಿತ್ತು. ಆದರೆ ಒಂದು ತೆನೆ ಉಳಿದಿತ್ತು, ಅದರ ಬುಡಕ್ಕೆ ದಾರದಲ್ಲಿ ಕಟ್ಟಿದ ಚೀಟಿಯೂ ಉಳಿದಿತ್ತು. ತೆನೆಯ ಮೇಲಿನ ಧೂಳನ್ನು ಮೆಲ್ಲಗೆ ಊದಿ ಭೂತಗನ್ನಡಿ ಹಿಡಿದರು. ಆಮೇಲೆ ಕಂಡಿತು. ಮೂರು ಮೀಸೆ, ಬುಡದಲ್ಲಿ ಕೂದಲು.

"ಆಂಟಿ, ಇದೇ! ನೀವು ಬರ್ದಿದ್ದು ಹಂಡ್ರೆಡ್ ಪರ್ಸೆಂಟ್ ಇದೇ!" ಎಂದು ಸಿಂಚನಾ ಕುಣಿದಳು. ಅಲ್ಲೇ ಲ್ಯಾಪ್‌ಟಾಪ್ ತೆರೆದು ತಿದ್ದುಪಡಿಯ ಟಿಪ್ಪಣಿ ಶುರು ಮಾಡಿದಳು. "ಟೈಪಿಂಗ್ ಎರರ್ ಅಂತ ಬರೀಲಾ?"

"ಬರಿಯಮ್ಮಾ," ಎಂದರು ಏಕನಾಥ. "ಟೈಪ್ ಮಾಡಿದ್ದು ನಾನೇ. ಒಂದು ಪುಟ ತಿರುವಬಹುದಿತ್ತು."

"ಹಾಗೆ ಬರೀಬೇಡ," ಎಂದರು ಧಾರಿಣಿ. "ಗಿಡ ಕಿತ್ತವಳು ಆರು ಸರಿಯಾಗಿ ಬರೀಲಿಲ್ಲ ಅಂತ ಬರಿ. ನೋಟ್‌ಬುಕ್ಕಿನ ಫೋಟೋನೂ ಹಾಕು."

"ಎಲ್ಲರೂ ನೋಡ್ತಾರೆ ಆಂಟಿ."

"ನೋಡ್ಲಿ."

ಸಿಂಚನಾಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ತೆನೆಗೆ ಕಟ್ಟಿದ ಆ ಹಳೆಯ ಚೀಟಿಯ ಮೇಲೆ ಬಗ್ಗಿ, ಕಣ್ಣು ಕಿರಿದು ಮಾಡಿ, ಕೊನೆಯ ಅಂಕಿಯ ಕೆಳಗೆ ಬೆರಳಿಟ್ಟಳು.

"ಇದು ಆರೋ ಒಂಬತ್ತೋ, ನೀವೇ ಹೇಳಿ."

ಎರಡು ದಿನದಿಂದ ಕೂರದೆ ಓಡಾಡಿದ್ದ ಧಾರಿಣಿ ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದು ಕೂತರು. ಇಪ್ಪತ್ತೊಂಬತ್ತು ವರ್ಷ ತಡೆದಿಟ್ಟ ಅಳು ಬಂತು. ಹಾಳೆಯ ಮೇಲೆ ಬೀಳದಂತೆ ಅದನ್ನು ಬೇಗ ಬೇಗ ದೂರ ಸರಿಸಿದರು.

"ಆರು," ಎಂದರು. "ಆರು, ಟೀಚರ್."