ಒರಳಿಗೆ ಹಚ್ಚಿದ ಅರಿಶಿನ

ಕೆಂಗೇರಿ ಕಡೆಯ ಒಂದು ಕಾಲೇಜಿನಲ್ಲಿ ನಾನು ಕಸ ಗುಡಿಸುತ್ತೇನೆ. ಗಾಜು ಮಾಡುವ ಲ್ಯಾಬು ನನ್ನ ಪಾಲಿಗೆ ಬಂದಿದೆ. ಅಲ್ಲಿ ಒಬ್ಬ ಹುಡುಗಿ ಪಿಎಚ್‌ಡಿ ಮಾಡುತ್ತಾಳೆ. ವಿಜಯನಗರದಿಂದ ಮೆಟ್ರೋದಲ್ಲಿ ಬರುತ್ತಾಳೆ, ತಿಂಡಿ ತಿಂದಿರುವುದಿಲ್ಲ. ನನ್ನ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ಅವಳದೇ ಆಗಿತ್ತು.

ಅವಳ ಕೆಲಸ ಬಿಸ್ಮತ್ ಎಂಬ ಲೋಹದ್ದು. ಬಿಳಿ ಪುಡಿಗಳಿಗೆ ಅದನ್ನು ಚಿಟಿಕೆಯಷ್ಟು ಬೆರೆಸಿ, ಫರ್ನೆಸ್ ಎಂಬ ಒಲೆಯಲ್ಲಿ ನೀರಾಗುವ ತನಕ ಕಾಯಿಸಿ, ಗಾಜು ಮಾಡುತ್ತಾಳೆ. ಆಮೇಲೆ ಪರದೆ ಎಳೆದು, ಲೈಟು ಆರಿಸಿ, ನೇರಳೆ ಟಾರ್ಚು ಹಿಡಿಯುತ್ತಾಳೆ. ಗಾಜು ತಾನೇ ಬೆಳಗುತ್ತದೆ. ಒಂದು ಚೂರು ನೀಲಿ, ಇನ್ನೊಂದು ಕೆಂಡದ ಬಣ್ಣ.

“ಎರಡಕ್ಕೂ ಅದೇ ಮಣ್ಣು ತಾನೆ ಹಾಕಿದ್ದು?” ಎಂದು ಒಮ್ಮೆ ಕೇಳಿದ್ದೆ.

“ಅದೇ ಅಜ್ಜಿ. ಯಾವ ಗಾಜಲ್ಲಿ ಕೂತಿದೆ, ಎಷ್ಟು ಕಾದಿದೆ, ಅದ್ರ ಮೇಲೆ ಬಣ್ಣ.”

“ನನ್ ಸೊಸೆ ಥರ. ತವರಲ್ಲಿ ಒಂದು ಮುಖ, ನಮ್ಮನೇಲಿ ಒಂದು ಮುಖ.”

“ಕಾಯ್ಸೋರು ಯಾರು ಅಂತಾನೂ ನೋಡ್ಬೇಕಲ್ವಾ ಅಜ್ಜಿ,” ಎಂದಳು. ಬಾಯಿ ಜೋರು.

ಅವಳ ಸಾರ್‌ಗೆ ಮಾತ್ರ ಇದು ಸಾಲುತ್ತಿರಲಿಲ್ಲ. ನೀಲಿ, ಕೆಂಪು ಎಲ್ಲವನ್ನೂ ಬೇರೆಯವರು ನೋಡಿಯಾಗಿದೆ, ನಿನ್ನದು ಅಂತ ಹೊಸದೇನಿದೆ, ಅದು ಸಿಗದೆ ಥೀಸಿಸ್ ಬರೆಯಲು ಕೂರಬೇಡ ಎನ್ನುತ್ತಿದ್ದರು. ಬೈಸಿಕೊಂಡು ಬಂದ ದಿನ ಅವಳು ಅನ್ನ ಕೆದಕುತ್ತಿದ್ದಳೇ ಹೊರತು ತಿನ್ನುತ್ತಿರಲಿಲ್ಲ.

ಆಯುಧ ಪೂಜೆ ಬಂತು. ಒಲೆಗೆ, ತಕ್ಕಡಿಗೆ, ಬಾಗಿಲಿಗೆ ಕುಂಕುಮ ಇಡಿ, ಬೀರು ಮಾತ್ರ ತೆಗೀಬೇಡಿ ಎಂದು ಹೇಳಿ ಅವಳು ಊರಿಗೆ ಹೋದಳು. ಬೀರುವಿನಲ್ಲಿ ಗಾಜು ಅರೆಯುವ ಪುಟ್ಟ ಕಲ್ಲಿನ ಒರಳಿತ್ತು, ಒಂದು ಕಡೆ ಮುಕ್ಕಾಗಿದ್ದದ್ದು. ಒರಳನ್ನು ಬಿಟ್ಟು ಯಾರಾದರೂ ಪೂಜೆ ಮಾಡುತ್ತಾರೆಯೇ? ಮನೆಯಲ್ಲಿ ನಾನು ಮಿಕ್ಸಿಗೂ ಅರಿಶಿನ ಹಚ್ಚುವವಳು. ಬೀರು ತೆಗೆದು, ಹುಡುಗಿಗೆ ಒಳ್ಳೆಯದಾಗಲಿ ಎಂದು ಒರಳಿನ ಒಳಗೂ ಹೊರಗೂ ಹಚ್ಚಿದೆ. ಮಾರನೆಯ ದಿನ ಸೋಪಿನಲ್ಲಿ ತೊಳೆದು, ಒರೆಸಿ, ಇದ್ದ ಜಾಗದಲ್ಲೇ ಇಟ್ಟೆ. ಮುಟ್ಟಿದ್ದು ಅವಳಿಗೆ ಗೊತ್ತಾಗಬಾರದಲ್ಲ.

ಊರಿಂದ ಬಂದವಳು ಹೊಸ ಗಾಜನ್ನು ಅದರಲ್ಲೇ ಅರೆದಳು. ಸ್ವಲ್ಪ ಹೊತ್ತಿಗೆ ನನ್ನನ್ನು ಕೂಗಿದಳು. ಕತ್ತಲಲ್ಲಿ ಪುಡಿ ಹಸಿರು ಬೆರೆತ ಹಳದಿಯಾಗಿ ಬೆಳಗುತ್ತಿತ್ತು.

“ಈ ಬಣ್ಣ ಯಾವತ್ತೂ ಬಂದಿರ್ಲಿಲ್ಲ ಅಜ್ಜಿ. ಬೆಳಕು ಅಳೆಯೋ ಮೆಷಿನ್ನಲ್ಲೂ ಬಂತು. ನಿಮ್ ಪೂಜೆ ಫಲ ಕೊಡ್ತು ನೋಡಿ.”

ಹಾಗೆನ್ನುತ್ತಾ ಅವಳು ತಿರುಗಿದಾಗ ಟಾರ್ಚಿನ ಬೆಳಕು ನನ್ನ ಕತ್ತಿನ ಮೇಲೆ ಹಾದುಹೋಯಿತು. ಬೆಳಿಗ್ಗೆ ಸ್ನಾನ ಮಾಡಿ ಅರಿಶಿನ ಹಚ್ಚಿಕೊಂಡಿದ್ದ ತಾಳಿ ದಾರ ಅದೇ ಬಣ್ಣದಲ್ಲಿ ಹೊಳೆಯಿತು. ಅವಳ ಕಣ್ಣು ಆಗಲೇ ಪುಡಿಯ ಕಡೆ ಹೋಗಿತ್ತು. ನಾನು ದಾರವನ್ನು ರವಿಕೆಯೊಳಕ್ಕೆ ತಳ್ಳಿಕೊಂಡೆ.

ಹೇಳಲಿಲ್ಲ. ಅವಳು ಅಷ್ಟು ನಕ್ಕಿದ್ದನ್ನು ನಾನು ನೋಡಿಯೇ ಇರಲಿಲ್ಲ, ಅದಕ್ಕೆ ಹೇಳಲಿಲ್ಲ ಅಂದುಕೊಂಡೆ. ಅದು ನೆಪ. ಬೇಡ ಅಂದಿದ್ದ ಬೀರು ತೆಗೆದವಳು ನಾನು, ಹೇಳಲು ಹೆದರಿದವಳೂ ನಾನು. ಅವಳು ಮೈಸೂರ್‌ಪಾಕ್ ತಂದು ಬಾಯಿಗೇ ಇಟ್ಟಳು. ನುಂಗಿದೆ. ಡಬ್ಬಿ ತೆಗೆದರೆ ಚಿತ್ರಾನ್ನ ಹಳದಿಯಾಗಿ ನನ್ನನ್ನೇ ನೋಡುತ್ತಿತ್ತು. ಮೊಸರನ್ನ ತರಲು ಶುರು ಮಾಡಿದೆ.

“ಚಿತ್ರಾನ್ನಕ್ಕೆ ಏನಾಯ್ತು ಅಜ್ಜಿ?”

“ಬೇಜಾರಾಯ್ತು.”

ಒಂದು ದಿನ ಅವಳು, “ನಾಳೆ ಡಿಪಾರ್ಟ್‌ಮೆಂಟಲ್ಲಿ ಎಲ್ರ ಮುಂದೆ ಇದನ್ನ ಹೇಳ್ಬೇಕು. ಸಾರ್ ಎಲ್ರನ್ನೂ ಕರೆದಿದಾರೆ,” ಎಂದಳು. ಎಲ್ಲರೆದುರು ಈ ಮಗು ನನ್ನ ಅರಿಶಿನವನ್ನು ಗಾಜು ಅಂತ ತೋರಿಸುತ್ತದಲ್ಲ ಅನ್ನಿಸಿತು. ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿದೆ.

“ಬೀರು ತೆಗ್ದಿದ್ದೆ ಕಣವ್ವ. ಹಬ್ಬದ ದಿವ್ಸ. ಒರಳಿಗೆ ಅರಿಶಿನ ಹಚ್ಚಿದ್ದೆ. ತೊಳ್ದೂ ಇದ್ದೆ.”

ಅವಳು ನಕ್ಕಳು. ಅರ್ಧಕ್ಕೇ ನಗು ನಿಂತಿತು. ಪರದೆ ಎಳೆದು ಒರಳಿಗೆ ಟಾರ್ಚು ಹಿಡಿದಳು. ಮುಕ್ಕಾದ ಕಡೆ, ಸಂದಿಯಲ್ಲಿ, ಅದೇ ಹಳದಿ ಗೆರೆ.

“ಕ್ಲೀನಾಗಿದೆ ಅಂತ ನಾನೂ ಸ್ಪಿರಿಟ್ ಹಾಕಿ ಒರೆಸ್ಲಿಲ್ಲ,” ಎಂದಳು ತನಗೆ ತಾನೇ. ಆಮೇಲೆ ನನ್ನ ಕಡೆ ತಿರುಗಿದಳು. “ನಿಮ್ಗೆ ಯಾವಾಗ ಗೊತ್ತಾಯ್ತು?”

“ನೀನು ಪುಡಿ ತೋರಿಸ್ದಾಗ್ಲೇ.”

“ಮತ್ತೆ ಮೈಸೂರ್‌ಪಾಕ್ ತಿಂದ್ರಲ್ಲ ಅಜ್ಜಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಪಕ್ಕದ ಲ್ಯಾಬಿನಿಂದ ಬೇರೆ ಒರಳು ತಂದು, ಉಳಿದಿದ್ದ ಗಾಜನ್ನು ಅರೆದು ನೋಡಿದಳು. ಹಳೆಯ ಕೆಂಪೇ ಬಂತು. ಸಾರ್ ರೂಮಿಗೆ ಹೋದಳು. ನಾನು ಕಾರಿಡಾರಿನಲ್ಲಿ ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಾ ನಿಂತಿದ್ದೆ. ಯಾರು ಹಚ್ಚಿದ್ದು ಎಂದು ಸಾರ್ ಕೇಳಿರುತ್ತಾರೆ. ಇವತ್ತಿನವರೆಗೂ ನನ್ನನ್ನು ಯಾರೂ ಕರೆದು ವಿಚಾರಿಸಿಲ್ಲ.

“ಏನಂದ್ರವ್ವ?”

“ಇನ್ನೊಂದು ವರ್ಷ ಅಂದ್ರು.”

ಬೀರುವಿಗೆ ಈಗ ಬೀಗ ಬಿದ್ದಿದೆ. ನಾನು ಹೊರಗಿನಿಂದ ಒರೆಸುತ್ತೇನೆ. ಹೊಸ ಗಾಜು ಬಂದಾಗ ನೋಡಲು ಅವಳು ಈಗಲೂ ಕರೆಯುತ್ತಾಳೆ, ಇಲ್ಲವೆನ್ನುವಂತಿಲ್ಲ. ಆದರೆ ಮೊದಲು, “ತಾಳಿ ಒಳಗೆ ಹಾಕ್ಕೊಳ್ಳಿ ಅಜ್ಜಿ, ಲೈಟ್ ಆರಿಸ್ತೀನಿ,” ಎನ್ನುತ್ತಾಳೆ. ನಗುವುದಿಲ್ಲ. ತಿಂಡಿಯನ್ನು ಮೆಟ್ರೋ ಹತ್ತಿರವೇ ತಿಂದು ಬರುತ್ತಾಳಂತೆ. ನಾನು ಇಬ್ಬರಿಗಾಗುವಷ್ಟೇ ಕಲಸಿ ತರುತ್ತೇನೆ. ಅರ್ಧ ಡಬ್ಬಿಯಲ್ಲೇ ಮನೆಗೆ ವಾಪಸ್ ಹೋಗುತ್ತದೆ.