ಕೆರೆ ಏರಿಯ ಮೇಲೆ ಇಬ್ಬರು

ನಿನ್ನೆ ಪಕ್ಕದ ಮನೆಯವರು ಮಳೆಯಲ್ಲಿ ನೆನೆದ ಹಳೆಯ ಕಂಬಳಿಯೊಂದನ್ನು ತಂದು ನಮ್ಮ ಎರಡೂ ಮನೆಗಳ ನಡುವಿನ ಗೋಡೆಯ ಮೇಲೆ ಹರವಿದರು. ನೆನೆದ ಕುರಿ ಉಣ್ಣೆಯ ವಾಸನೆ ನಿಮಗೆ ಗೊತ್ತಿರಬಹುದು. ಅದನ್ನು ಸುವಾಸನೆ ಎಂದು ಕುರಿ ಕಾಯುವವರೂ ಹೇಳಲಾರರು. ನಾನು ಮಾತ್ರ ಓದುತ್ತಿದ್ದ ಪೇಪರನ್ನು ಮಡಿಚಿಟ್ಟು ಗೋಡೆಯ ಹತ್ತಿರಕ್ಕೇ ಕುರ್ಚಿ ಎಳೆದುಕೊಂಡು ಕೂತೆ. ಕೂತವನು ಹೊಸಪೇಟೆಯ ಈ ಓಣಿಯಲ್ಲಿ ಉಳಿಯಲಿಲ್ಲ. ಜಂಬುನಾಥನ ಗುಡ್ಡದ ಆಚೆ, ಸಂಡೂರಿನ ಬೆಟ್ಟಗಳ ಬುಡದ ಕಾಲುದಾರಿಯಲ್ಲಿ, ಸೋನೆ ಮಳೆಯಲ್ಲಿ ನಡೆಯತೊಡಗಿದ್ದೆ. ಹತ್ತು ಹೆಜ್ಜೆ ಹಿಂದೆ ತಲೆಯ ಮೇಲಿಂದ ಕಂಬಳಿ ಕೊಪ್ಪೆ ಹಾಕಿಕೊಂಡ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಗಾಬರಿಯಾಗಬೇಡಿ, ಅವಳು ನನ್ನ ಹೆಂಡತಿಯೇ.

ಅದು ಮದ್ರಾಸು ಸರ್ಕಾರದ ಕಾಲ. ಹೊಸಪೇಟೆಯಲ್ಲಿ ಕೆರೆಗಳ ಲೆಕ್ಕ ನೋಡುವ ಕಚೇರಿಯೊಂದರಲ್ಲಿ ನಾನು ಗುಮಾಸ್ತ. ಬಳ್ಳಾರಿಯ ಕೋಟೆಯ ಕೆಳಗೆ ಹುಟ್ಟಿ ಬೆಳೆದವನಿಗೆ ಕೆರೆಯ ಬಗ್ಗೆ ಎಷ್ಟು ಗೊತ್ತಿರಬೇಕೋ ಅಷ್ಟೇ ಗೊತ್ತಿತ್ತು, ಅಂದರೆ ಏನೂ ಇಲ್ಲ. ಆದರೆ ನನ್ನ ಅಕ್ಷರ ದುಂಡಗಿತ್ತು. ಮಳೆಗಾಲದಲ್ಲಿ ಪ್ರತಿ ಸೋಮವಾರ ಆರು ಮೈಲಿ ನಡೆದು ಕರಡಿಕಟ್ಟೆ ಕೆರೆಗೆ ಹೋಗಬೇಕು, ಅಲ್ಲಿಯ ಅಳತೆ ಕಲ್ಲಿನಲ್ಲಿ ನೀರು ಎಲ್ಲಿಯವರೆಗೆ ಏರಿದೆ ನೋಡಬೇಕು, ತೂಬು ತೆಗೆದು ಮುಚ್ಚುವ ನೀರಗಂಟಿಯ ದೂರು ಕೇಳಬೇಕು, ಎಲ್ಲವನ್ನೂ ದುಂಡಗೆ ಬರೆಯಬೇಕು. ಇದಕ್ಕಾಗಿ ಒಂದು ಕೊಡೆ, ಒಂದು ಜೊತೆ ಬೂಟು ಕೊಂಡಿದ್ದೆ. ಬೂಟು ಹಾಕಿಕೊಂಡಾಗ ಕೆರೆಯೇ ನನ್ನದು ಎನ್ನಿಸುತ್ತಿತ್ತು.

ನೀಲಮ್ಮ ಕಂಪ್ಲಿಯ ಹತ್ತಿರದ ಮೆಟ್ರಿಯವಳು, ಗದ್ದೆ ಮಾಡುವವರ ಮನೆಯ ಮಗಳು. ಮದುವೆಯಾಗಿ ಎರಡು ವರ್ಷವಾಗಿದ್ದರೂ ನಾವಿಬ್ಬರೂ ಮನಸ್ಸು ಬಿಚ್ಚಿ ಮಾತಾಡಿದ್ದು ಕಡಿಮೆ. ನಮ್ಮದು ಬಾಡಿಗೆಯ ಅರ್ಧ ಮನೆ. ಉಳಿದರ್ಧದಲ್ಲಿ ಮಾಲೀಕರ ಕುಟುಂಬ, ನಡುವೆ ತಡಿಕೆಯ ಗೋಡೆ. ಈ ಕಡೆ ಕೆಮ್ಮಿದರೆ ಆ ಕಡೆಯಿಂದ ಕಷಾಯದ ಸಲಹೆ ಬರುತ್ತಿತ್ತು. ಒಂದು ಸೋಮವಾರ ನಾನು ಬೂಟು ಹಾಕಿಕೊಳ್ಳುತ್ತಿದ್ದಾಗ ಅವಳು ತಾನೂ ಕೆರೆ ನೋಡಲು ಬರುತ್ತೇನೆಂದಳು. ಆಗ ನಾನು ಕಾದಂಬರಿಗಳನ್ನು ಓದುತ್ತಿದ್ದ, ಹೆಂಗಸರೂ ನಾಲ್ಕು ಊರು ನೋಡಬೇಕು ಎಂದು ಗೆಳೆಯರ ಮುಂದೆ ಭಾಷಣ ಮಾಡುತ್ತಿದ್ದ ಮನುಷ್ಯ. ಬಹಳ ಉದಾರನಾಗಿ ಒಪ್ಪಿದೆ.

ಗಂಡ ಹೆಂಡತಿ ಜೊತೆಯಾಗಿ ಊರು ದಾಟುವುದೆಂದರೆ ಆಗ ಮದುವೆ ಇರಬೇಕು, ದೇವರ ಹರಕೆ ಇರಬೇಕು, ಇಲ್ಲವೇ ಸಾವು. ಮಳೆಯಲ್ಲಿ ಹೊರಟ ನಮ್ಮನ್ನು ಕಂಡು ಮಾಲೀಕರ ತಾಯಿ ಕಟ್ಟೆಯ ಮೇಲಿಂದಲೇ, "ಯಾರು ತೀರಿಕೊಂಡ್ರವ್ವಾ?" ಎಂದು ಮರುಗಿ ಕೇಳಿದರು. ಯಾರೂ ಇಲ್ಲ, ಸುಮ್ಮನೆ ಹೊರಟಿದ್ದೇವೆ ಎಂದದ್ದಕ್ಕೆ ಅವರಿಗೆ ಇನ್ನಷ್ಟು ಚಿಂತೆಯಾಯಿತು.

ಹೀಗೆ ಶುರುವಾಯಿತು ನಮ್ಮ ತಿರುಗಾಟ. ಊರು ಮರೆಯಾಗುವವರೆಗೆ ಅವಳು ಹತ್ತು ಹೆಜ್ಜೆ ಹಿಂದೆ. ಮರೆಯಾದ ಮೇಲೂ ಹತ್ತೇ ಹೆಜ್ಜೆ, ಏಕೆಂದರೆ ನನ್ನ ಭಾಷಣದಲ್ಲಿ ಹೆಜ್ಜೆಯ ವಿಷಯ ಬಂದಿರಲಿಲ್ಲ. ಮಾತಾಡಬೇಕಾದರೆ ನಾನು ತಿರುಗದೆ ಗಟ್ಟಿಯಾಗಿ ಹೇಳುವುದು, ಅವಳು ಹಿಂದಿನಿಂದ ಉತ್ತರ ಕೊಡುವುದು. ಆ ಗುಡ್ಡಗಳನ್ನು ಮಳೆಯಲ್ಲಿ ನೋಡದವರು ನೋಡಿಯೇ ಇಲ್ಲವೆನ್ನಬೇಕು. ಬೇಸಿಗೆಯಲ್ಲಿ ಸುಟ್ಟ ಇಟ್ಟಿಗೆಯಂತಿರುವ ಮಣ್ಣು ಒಂದು ವಾರದ ಮಳೆಗೆ ಹಸುರು ಹೊದೆಯುತ್ತದೆ. ತಂಗಡಿಯ ಹಳದಿ ಹೂವಿನಿಂದ ನೀರು ತೊಟ್ಟಿಕ್ಕುತ್ತದೆ. ಕಲ್ಲುಗಳು ಕಬ್ಬಿಣದ ಬಣ್ಣಕ್ಕೆ ತಿರುಗಿ ಮಿಂಚುತ್ತವೆ. ಕೆಂಪು ಮಣ್ಣು ಬೂಟಿಗೆ ಮೆತ್ತಿಕೊಂಡು ನಾನು ಗೇಣು ಎತ್ತರವಾಗುತ್ತಿದ್ದೆ, ಬರಿಗಾಲಿನ ಅವಳು ಹಗುರಾಗಿ ಬರುತ್ತಿದ್ದಳು. ನಾನು ಮುಂದೆ ನಡೆದು ಕಾಣದ್ದನ್ನು ಅವಳು ಹಿಂದಿನಿಂದ ಕಾಣುತ್ತಿದ್ದಳು: ಮುಳ್ಳಿನ ಮರೆಯ ಕವಳಿ ಹಣ್ಣು, ಒದ್ದೆ ನೆಲದಲ್ಲಿ ಕರಡಿಯ ಹೆಜ್ಜೆ, ಮಖಮಲ್ಲಿನ ಗುಂಡಿಯಂಥ ಕೆಂಪು ಹುಳು. ಹೆಜ್ಜೆ ಹೊಸದೋ ಹಳೆಯದೋ ಎಂದು ನಾನು ಗಂಭೀರವಾಗಿ ಕೇಳುತ್ತಿದ್ದೆ. ಹಳೆಯದು ಎಂದಮೇಲೆ ಅಷ್ಟೇ ಗಂಭೀರವಾಗಿ ಮುಂದೆ ನಡೆಯುತ್ತಿದ್ದೆ.

ಎರಡನೆಯ ಮಳೆಗಾಲದಲ್ಲಿ ಉತ್ತರೆ ಮಳೆ ಮೂರು ದಿನ ಬಿಡದೆ ಹೊಡೆಯಿತು. ಸೋಮವಾರ ನಾವು ಕರಡಿಕಟ್ಟೆ ಮುಟ್ಟಿದಾಗ ಕೆರೆ ತುಂಬಿ ಕೋಡಿ ಹರಿಯುತ್ತಿತ್ತು. ಅಳತೆ ಕಲ್ಲು ಮುಳುಗಿಹೋಗಿತ್ತು. ಗುಡ್ಡದಿಂದ ಗುಡ್ಡಕ್ಕೆ ಒಂದೇ ಕೆಂಪು ನೀರು. ಏರಿಯ ಕೆಳಗೆ ಕೂಗಿದರೆ ಕೇಳುವಷ್ಟು ದೂರದಲ್ಲಿ ಊರು, ಅರವತ್ತೆಪ್ಪತ್ತು ಮನೆಗಳಿರಬೇಕು, ಸೂರಿನಿಂದ ಹೊಗೆ ಏಳುತ್ತಿತ್ತು. ಮಳೆ ಆಗತಾನೇ ನಿಂತಿತ್ತು. ನಾನು ಏರಿಯ ಮೇಲೆ ನಿಂತು, ಅಳತೆ ಕಲ್ಲು ಮುಳುಗಿದ್ದಕ್ಕೆ ಯಾವ ಅಂಕಿ ಬರೆಯುವುದೆಂದು ಯೋಚಿಸುತ್ತಿದ್ದೆ. ನೀಲಮ್ಮ ಏರಿಯ ಹಿಂಬದಿಗೆ, ಊರಿನ ಕಡೆಯ ಇಳಿಜಾರಿಗೆ ಇಳಿದಿದ್ದಳು. ಅಲ್ಲಿಂದ ನನ್ನನ್ನು ಕರೆದಳು.

ಏರಿಯ ಬುಡದಲ್ಲಿ, ಒಂದು ಪೊದೆಯ ಪಕ್ಕ, ನೆಲದಿಂದ ನೀರು ಉಕ್ಕುತ್ತಿತ್ತು. ಅನ್ನ ಕುದಿಯುವಾಗ ನಡುವೆ ಗುಳ್ಳೆ ಏಳುತ್ತದಲ್ಲ, ಹಾಗೆ. ಸುತ್ತ ಸಣ್ಣ ಮರಳು ಇರುವೆ ಗೂಡಿನ ಬಾಯಿಯಂತೆ ಬಳೆಯಾಗಿ ಕೂತಿತ್ತು.

"ಇದು ಮಳಿ ನೀರಲ್ಲ ನೋಡ್ರಿ" ಎಂದಳು.

ತುಂಬಿದ ಕೆರೆಯ ಏರಿ ಜಿನುಗುವುದು ಸಹಜವೆಂದೂ, ನಮ್ಮ ಕಚೇರಿಯ ಪುಸ್ತಕದಲ್ಲೇ ಹಾಗೆ ಬರೆದಿದೆಯೆಂದೂ ನಾನು ವಿವರಿಸಿದೆ. ಕೆಂಪಗಿದೆಯಲ್ಲ ಎಂದಳು. ಈ ಸೀಮೆಯಲ್ಲಿ ಎಲ್ಲ ನೀರೂ ಕೆಂಪೇ ಎಂದೆ.

"ತಿಳಿ ನೀರು ಬಂದ್ರ ಏರಿ ಬೆವರತೈತಿ, ಕೆಂಪು ನೀರು ಬಂದ್ರ ಏರಿ ಕರಗತೈತಿ. ನಮ್ಮಪ್ಪ ಗದ್ದಿ ಬದುವಿನ ಮ್ಯಾಲ ನಿಂತು ಹೇಳತಿದ್ದ. ಸ್ವಲ್ಪ ಕುಂದ್ರೂಣು. ಮಳಿ ನೀರಾದ್ರ ನಿಲ್ಲತೈತಿ."

ನಾವು ಒಂದು ಬಂಡೆಯ ಮೇಲೆ ಕೂತೆವು. ಇಳಿಜಾರಿನಲ್ಲಿ ಹರಿಯುತ್ತಿದ್ದ ಹತ್ತಾರು ಸಣ್ಣ ಧಾರೆಗಳು ನೋಡನೋಡುತ್ತ ಬಡವಾದವು, ಒಂದೊಂದಾಗಿ ನಿಂತವು. ಪೊದೆಯ ಪಕ್ಕದ ನೀರು ಮಾತ್ರ ದಪ್ಪವಾಯಿತು. ಕೆಂಪು ಇನ್ನೂ ಗಾಢವಾಯಿತು. ಮರಳಿನ ಬಳೆ ಒಂದು ಕಡೆ ಕುಸಿದು ಅದರ ಜೊತೆ ಅಂಗೈಯಗಲ ಮಣ್ಣು ಹೋಯಿತು. ನಾನು ಎದ್ದು ನಿಂತೆ. ಎದುರಿಗೆ ಹೊಗೆಯಾಡುವ ಮನೆಗಳು. ಬೆನ್ನ ಹಿಂದೆ ಅಷ್ಟೂ ನೀರು.

ನಾನು ಊರಿಗೆ ಓಡಿದೆ. ಬೂಟು ಎರಡು ಕಡೆ ಕೆಸರಿನಲ್ಲಿ ಹೂತುಕೊಂಡಿತು, ಮೂರನೆಯ ಕಡೆ ಅಲ್ಲೇ ಬಿಟ್ಟು ಓಡಿದೆ. ನೀರಗಂಟಿ ದುರುಗಪ್ಪ ಉಣ್ಣುತ್ತಿದ್ದವನು ಕೈ ತೊಳೆಯದೆ ಎದ್ದ. ಅವನು ನನ್ನ ಮಾತನ್ನು ಪ್ರಶ್ನಿಸಲಿಲ್ಲ, ಯಾರು ಕಂಡರೆಂದಷ್ಟೇ ಕೇಳಿದ. ಮೆಟ್ರಿಯವಳು ಎಂದೆ. ಗದ್ದೆಯವರ ಮಗಳು ಎಂದಮೇಲೆ ನಿಜವೇ ಇರಬೇಕು ಎಂದು ಊರನ್ನೇ ಎಬ್ಬಿಸಿದ. ಕೆಲವರು ಮುದುಕರನ್ನೂ ಮಕ್ಕಳನ್ನೂ ದನಗಳನ್ನೂ ದಿಬ್ಬಕ್ಕೆ ಹೊಡೆದುಕೊಂಡು ಹೋದರು. ದುರುಗಪ್ಪ ತೂಬನ್ನು ಪೂರಾ ತೆಗೆದ. ಉಳಿದವರು ಬುಟ್ಟಿಯಲ್ಲಿ ಗರಸು ಮಣ್ಣು, ಕಲ್ಲು, ಜೋಳದ ಸೊಪ್ಪೆಯ ಹೊರೆ ಹೊತ್ತು ಏರಿಗೆ ಬಂದರು.

ನಾವು ಬರುವಷ್ಟರಲ್ಲಿ ನೀಲಮ್ಮ ಸೆರಗು ಬಿಗಿದು, ಸಿಕ್ಕಿದ ಕಲ್ಲನ್ನೆಲ್ಲ ಹೊತ್ತು ತಂದು ಉಕ್ಕುವ ನೀರಿನ ಸುತ್ತ ಮೊಣಕಾಲೆತ್ತರ ಕಟ್ಟೆ ಕಟ್ಟಿದ್ದಳು. ಅದನ್ನೇ ಬುನಾದಿ ಮಾಡಿಕೊಂಡು ಜನ ಗರಸು ತುಂಬಿದರು. ನಾಲ್ವರು ಈಜುಗಾರರು ಕೆರೆಯ ಒಳಬದಿಗೆ ಇಳಿದು, ಕಾಲಿನಿಂದ ತಡಕಿ ಬಿಲ ಹುಡುಕಿ, ಸೊಪ್ಪೆಯ ಕಟ್ಟು ತುರುಕಿ ಜೇಡಿಮಣ್ಣು ತುಳಿದರು. ನಾನೂ ಬುಟ್ಟಿ ಹೊತ್ತೆ. ದುಂಡಗೆ ಬರೆಯುವ ಕೈ ಎರಡು ತಾಸಿನಲ್ಲಿ ಬೊಬ್ಬೆ ಎದ್ದಿತು. ಹೊತ್ತು ಇಳಿಯುವ ಹೊತ್ತಿಗೆ ಕಲ್ಲಿನ ನಡುವೆ ಜಿನುಗುತ್ತಿದ್ದ ನೀರು ತಿಳಿಯಾಯಿತು. ಒಬ್ಬ ಮುದುಕಿ ಬಂದು ಆ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿದಳು, ಕಣ್ಣಿಗೆ ಒತ್ತಿಕೊಂಡಳು. ದುರುಗಪ್ಪ ನನ್ನ ಹೆಂಡತಿಯ ಹತ್ತಿರ ಹೋಗಿ, "ನೀವು ಕಂಡಿದ್ದು ಛಲೋ ಆತ್ರೀ ಅವ್ವಾರ. ನಾಳಿ ಮುಂಜಾನಿ ನಾವು ನೀರಾಗ ಏಳತಿದ್ವಿ" ಎಂದ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆಂದ. ಆದರೆ ಮರುದಿನ ನಾನು ಕಚೇರಿಗೆ ಹೋಗಿ ವರದಿ ಬರೆದೆ. ಕೆಳಗೆ ರುಜು ಮಾಡಿರುವವನು ಏರಿಯನ್ನು ಪರೀಕ್ಷಿಸುವಾಗ ಇಂಥ ಅಪಾಯವನ್ನು ಗಮನಿಸಿ, ಇಂಥ ಕ್ರಮ ಕೈಗೊಂಡನು. ಸುಳ್ಳು ಬರೆಯಬೇಕೆಂದು ಕೂತಿರಲಿಲ್ಲ. ಹೆಂಡತಿಯನ್ನು ಸರ್ಕಾರಿ ಕೆಲಸಕ್ಕೆ ಕರೆದುಕೊಂಡು ಹೋಗಿದ್ದೆ ಎಂದು ಹೇಗೆ ಬರೆಯುವುದು? ಅವಳ ಹೆಸರನ್ನೇ ನಾನು ಅದುವರೆಗೆ ಬಾಯಿಬಿಟ್ಟು ಹೇಳಿದವನಲ್ಲ, ಇನ್ನು ಕಾಗದದ ಮೇಲೆ? ಹೀಗೆಲ್ಲ ನನಗೆ ನಾನೇ ವಾದಿಸಿಕೊಂಡೆ. ವಾದ ಚೆನ್ನಾಗಿಯೇ ಇತ್ತು.

ಒಂದು ತಿಂಗಳಿಗೆ ಮೇಲಿನಿಂದ ಮೆಚ್ಚುಗೆಯ ಕಾಗದ ಬಂತು. ಓವರ್‌ಸಿಯರ್ ಸಾಹೇಬರು ಎಲ್ಲರ ಮುಂದೆ ಓದಿ ನನ್ನ ಬೆನ್ನು ತಟ್ಟಿದರು. ನಾನು ಅದನ್ನು ಮನೆಗೆ ತಂದು, ಇಂಗ್ಲಿಷಿನಿಂದ ಒಂದೊಂದೇ ಸಾಲು ಕನ್ನಡ ಮಾಡಿ ಅವಳಿಗೆ ಓದಿ ಹೇಳಿದೆ. ಎಂಥ ಮೂಢ ನೋಡಿ, ಅವಳು ಹಿಗ್ಗುತ್ತಾಳೆಂದುಕೊಂಡಿದ್ದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಪೂರಾ ಕೇಳಿದಳು.

"ಹಂಗಾದ್ರ ಅವತ್ತು ನೀವು ಒಬ್ರ ಹೋಗಿದ್ರೇನು?" ಎಂದಳು.

ನಾನು ಕಾಗದವನ್ನು ಮಡಿಚಿಟ್ಟೆ.

ಮುಂದಿನ ಸೋಮವಾರ ಬುತ್ತಿ ಕಟ್ಟಿ ಕೈಗೆ ಕೊಟ್ಟು, "ಒಬ್ರ ಹೋಗಿಬರ್ರಿ. ಬರಿಯಾಕ ಸುಲಭ ಆಕ್ಕೈತಿ" ಎಂದಳು. ಮಾತಿನಲ್ಲಿ ಸಿಟ್ಟು ಇರಲಿಲ್ಲ, ಅದೇ ನನ್ನನ್ನು ಹೆದರಿಸಿತು. ಮೂರು ಸೋಮವಾರ ಒಬ್ಬನೇ ನಡೆದೆ. ದಾರಿ ಅದೇ, ಗುಡ್ಡ ಅದೇ. ಆದರೆ ಹಣ್ಣಿಲ್ಲ, ಹೆಜ್ಜೆಯಿಲ್ಲ, ಹುಳುವಿಲ್ಲ. ಎಲ್ಲವೂ ಇದ್ದೇ ಇದ್ದವು, ನನಗೆ ಕಾಣಲಿಲ್ಲ. ಅಭ್ಯಾಸಬಲದಿಂದ ಹಿಂದಕ್ಕೆ ತಿರುಗದೆ ಗಟ್ಟಿಯಾಗಿ ಏನೋ ಹೇಳಿ, ಉತ್ತರ ಬಾರದಿದ್ದಾಗ ನಾಚಿಕೊಂಡೆ. ಮೂರನೆಯ ಸೋಮವಾರ ಏರಿಯ ಹಿಂಬದಿಗೆ ಇಳಿದು ಆ ಕಲ್ಲಿನ ಕಟ್ಟೆಯ ಮುಂದೆ ಬಹಳ ಹೊತ್ತು ಕೂತಿದ್ದೆ. ದುರುಗಪ್ಪ ಬಂದು, ಅವ್ವಾರು ಯಾಕೆ ಬರುತ್ತಿಲ್ಲ, ಮೈ ಹುಷಾರಿಲ್ಲವೇ ಎಂದು ಕೇಳಿದ.

ಮರುದಿನ ಸಾಹೇಬರ ಮುಂದೆ ನಿಂತು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ವರದಿ ಮೇಲಿನವರಿಗೆ ಹೋಗಿಯಾಗಿದೆ, ಇನ್ನು ತಿದ್ದುವಂತಿಲ್ಲ ಎಂದರು. ಕೆರೆಯ ಪುಸ್ತಕ ನಮ್ಮ ಹತ್ತಿರವೇ ಇದೆಯಲ್ಲ ಎಂದೆ. ಅವರು ಕನ್ನಡಕ ಒರೆಸುತ್ತ ಕೂತರು. ನಾನು ಆ ತಾರೀಖಿನ ಪುಟ ತೆಗೆದು, ಷರಾ ಎಂಬ ಕಾಲಮ್ಮಿನಲ್ಲಿ ಬರೆದೆ: ಏರಿ ಕರಗುತ್ತಿದ್ದುದನ್ನು ಕಂಡವಳು ನನ್ನ ಹೆಂಡತಿ ನೀಲಮ್ಮ. ನಾನು ಮೊದಲು ನಂಬಲಿಲ್ಲ. ಜಾಗ ಸಾಲದೆ ಕೊನೆಯ ಅಕ್ಷರಗಳು ಅಂಚಿಗೆ ಬಾಗಿದವು. ನನ್ನ ಜೀವನದಲ್ಲಿ ಅಷ್ಟು ಸೊಟ್ಟಗೆ ಇನ್ನೇನನ್ನೂ ಬರೆದಿಲ್ಲ. ಸಾಹೇಬರು ಓದಿದರು, ಕೆಳಗೆ ತಮ್ಮ ರುಜು ಹಾಕಿದರು.

ಬರೆದದ್ದನ್ನು ಮನೆಯಲ್ಲಿ ನೀಲಮ್ಮನಿಗೆ ಹೇಳಿದೆ. ಸೋಮವಾರ ನಾನು ಏಳುವ ಹೊತ್ತಿಗೆ ಎರಡು ಬುತ್ತಿ ಕಟ್ಟಿದ್ದಳು. ಊರು ದಾಟಿದ ಮೇಲೆ ನಾನು ನಿಂತೆ. ಅವಳೂ ನಿಂತಳು. ಮುಂದೆ ನಡೆ ಎಂದೆ. ದಾರಿ ಗೊತ್ತಿಲ್ಲವೇ ನಿಮಗೆ ಎಂದು ಕೇಳಿದಳು. ಇಲ್ಲ ಎಂದೆ. ಅವಳು ಮುಂದೆ ಹೋಗಲಿಲ್ಲ, ಪಕ್ಕಕ್ಕೆ ಬಂದಳು. ಕಾಲುದಾರಿ ಒಬ್ಬರಿಗಷ್ಟೇ ಸಾಲುತ್ತಿದ್ದರಿಂದ ಇಬ್ಬರೂ ಒಂದೊಂದು ಕಾಲನ್ನು ಹುಲ್ಲಿನಲ್ಲಿಟ್ಟು ನಡೆದೆವು.

ಆಮೇಲೆ ಎಷ್ಟು ಮಳೆಗಾಲ ತಿರುಗಿದೆವೋ. ಕಮಲಾಪುರದ ಕೆರೆಯನ್ನು ಪೂರಾ ಸುತ್ತಿದ್ದೇವೆ. ಹರಿಗೋಲೂ ಬಿಡಲಾಗದಷ್ಟು ತುಂಬಿದ ಹೊಳೆಯನ್ನು ಹಂಪೆಯ ಮಂಟಪದಲ್ಲಿ ಕೂತು ದಿನವಿಡೀ ನೋಡಿದ್ದೇವೆ. ಸಂಡೂರಿನ ನಾರಿಹಳ್ಳದ ಕಣಿವೆಯಲ್ಲಿ ನೆನೆದು ಇಬ್ಬರೂ ಜ್ವರದಲ್ಲಿ ಮಲಗಿದ್ದೇವೆ. ಮಾಲೀಕರ ತಾಯಿ ಮಾತ್ರ ಕೊನೆಯವರೆಗೂ ಯಾರು ತೀರಿಕೊಂಡರೆಂದು ಕೇಳುವುದನ್ನು ಬಿಡಲಿಲ್ಲ. ನನ್ನ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಆ ಕಾಲದಲ್ಲೇ ಹೆಂಡತಿಯನ್ನು ಕಾಡು ಕೆರೆ ಎಂದು ಸುತ್ತಿಸಿದವನು ನಾನು ಎಂದು ಬಂದವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ.

ನಿನ್ನೆ ಗೋಡೆಯ ಪಕ್ಕ ಕೂತಿದ್ದಾಗ ಅನ್ನಿಸಿತು: ಮೊದಲನೆಯ ಸೋಮವಾರ ಅವಳು ಯಾಕೆ ಬರುತ್ತೇನೆಂದಳು, ಅದನ್ನೇ ನಾನು ಎಂದೂ ಕೇಳಿಲ್ಲ. ಒಳಗೆ ಅಕ್ಕಿ ಆರಿಸುತ್ತ ಕೂತಿದ್ದಳು. ಹೋಗಿ ಕೇಳಿದೆ. ಇಷ್ಟು ವರ್ಷದ ಮೇಲೆ ಇದೇನು ಎನ್ನುವಂತೆ ಮುಖ ನೋಡಿದಳು.

"ನಿಮಗ ಈಜು ಬರ್ತಿದ್ದಿಲ್ಲ" ಎಂದಳು. "ಏರಿ ಮ್ಯಾಲ ಪುಸ್ತಕ ನೋಡಿಕೋತ ನಡಿಯೋ ಮನಿಷಾ. ನನಗ ಬರ್ತಿತ್ತು. ಸಣ್ಣಾಕಿದ್ದಾಗ ನಮ್ಮ ಸೋದರಮಾವ ಕಾಲವಿಯೊಳಗ ಬೆನ್ನಿಗಿ ಸೋರಿಬುರುಡಿ ಕಟ್ಟಿ ಕಲಿಸಿದ್ದ."

ಅವಳಿಗೆ ಈಜು ಬರುತ್ತದೆಂಬುದೇ ನನಗೆ ಗೊತ್ತಿರಲಿಲ್ಲ. ಹಾಗಾದರೆ ಆ ಮೂರು ಸೋಮವಾರ ಎಂದು ಕೇಳಹೊರಟವನು ಅವಳ ಮುಖ ನೋಡಿ ನಿಲ್ಲಿಸಿದೆ. ಆ ಮೂರು ದಿನ ಅವಳು ಮನೆಯಲ್ಲಿ ಹೇಗೆ ಕೂತಿದ್ದಿರಬೇಕೆಂದು ಮೊದಲ ಬಾರಿಗೆ ಯೋಚಿಸಿದೆ.

ಹೊರಗೆ ಮತ್ತೆ ಹನಿ ಬೀಳತೊಡಗಿತ್ತು. ಕಾಲುವೆಯವರೆಗೆ ಹೋಗಿಬರೋಣವೇ ಎಂದೆ. ಅಲ್ಲಿ ಮೊಣಕಾಲುದ್ದ ನೀರು, ತನ್ನ ಅಗತ್ಯವಿಲ್ಲ ಎಂದಳು. ಹೇಳುತ್ತಲೇ ಮೊರವನ್ನು ಗೂಡಿನಲ್ಲಿಟ್ಟು, ಮಂಡಿ ಹಿಡಿದುಕೊಂಡು ನಿಧಾನವಾಗಿ ಎದ್ದಳು.