ಜುಂಜಯ್ಯ ಮಲಗಿದ್ದು

ಮಾರಿಕಣಿವೆ ಹಿನ್ನೀರಿನ ಆಚೆಯ ಹಟ್ಟಿಯಲ್ಲಿ ಕಾಟಮ್ಮನಿಗೆ ಜಂಬ ಕೊಚ್ಚಿಕೊಳ್ಳಲು ಇದ್ದದ್ದು ಒಂದೇ ವಿಷಯ: ಗಂಡ ಜುಂಜಯ್ಯ ಮಲಗುವುದೇ ಇಲ್ಲ. ಕುರಿರೊಪ್ಪದ ಬಾಗಿಲಿಗೆ ಒರಗಿ, ಕಂಬಳಿ ಹೊದ್ದು, ಕೋಲು ಹಿಡಿದು ಕೂತೇ ಬೆಳಗು ಮಾಡುತ್ತಾನೆ. ಮೊದಲೆಲ್ಲ ಮಗ ಹರೀಶನೊಂದಿಗೆ ಸರದಿಯಲ್ಲಿ ಕಾಯುತ್ತಿದ್ದವನು ಈ ವರ್ಷ ಪೂರ್ತಿ ಕಾವಲನ್ನು ತಾನೇ ವಹಿಸಿಕೊಂಡಿದ್ದ. "ನಮ್ಮೋರು ಕುಂತಿದ್ರೆ ತೋಳ ಈ ಕಡೆ ತಲೆ ಹಾಕಿ ಮಲಗಲ್ಲ" ಎಂದು ನೀರಿನ ಟ್ಯಾಂಕಿನ ಹತ್ತಿರ ಅವಳು ಹೇಳದ ದಿನವಿಲ್ಲ. ಅವನ ಕಾಲು ಊದಿದ್ದಕ್ಕೂ ಉತ್ತರ ಸಿದ್ಧವಿತ್ತು. ಕುರಿ ಹಿಂದೆ ಅಲೆಯುವ ಕಾಲು, ಊದದೆ ಇರುತ್ತದೆಯೇ?

ಹಿರಿಯೂರಿನಿಂದ ನರ್ಸ್ ರಮ್ಯಾ ಎದೆ ನೋಡುವ ಹೊಸ ಮಿಷನ್ ತಂದ ದಿನ ಗಂಡನನ್ನೇ ಮೊದಲು ಮುಂದೆ ತಳ್ಳಿದಳು. ಮುಷ್ಟಿಯಲ್ಲಿ ಹಿಡಿಯುವಷ್ಟು ಪುಟ್ಟ ಉಪಕರಣ, ಜೊತೆಗೊಂದು ಟ್ಯಾಬ್. ಎದೆಗೆ ಒತ್ತಿದರೆ ಗುಂಡಿಗೆ ಬಡಿಯುವುದು ಪರದೆಯ ಮೇಲೆ ಕಾಣುತ್ತದಂತೆ. ಅದು ರಕ್ತವನ್ನು ಎಷ್ಟು ಬಲವಾಗಿ ತಳ್ಳುತ್ತಿದೆ ಎಂದು ಎಐ ಲೆಕ್ಕ ಹಾಕುತ್ತದಂತೆ. ಹಟ್ಟಿಗೆ ಹಟ್ಟಿಯೇ ಮುಗಿಬಿತ್ತು.

"ಮಲಗ್ರಿ ಅಜ್ಜ" ಎಂದಳು ರಮ್ಯಾ.

"ಕುಂತಂಗೇ ನೋಡವ್ವ" ಎಂದ ಜುಂಜಯ್ಯ. ಎಲ್ಲರೂ ನಕ್ಕರು. ಕಾಟಮ್ಮನ ನಗೆಯೇ ಎಲ್ಲಕ್ಕಿಂತ ಜೋರು.

ಒತ್ತಾಯಕ್ಕೆ ಮಲಗಿದ. ಪರದೆಯಲ್ಲಿ ಅವನ ಗುಂಡಿಗೆ ಮೂಡಿತು. ಕಟ್ಟಿಕೊಂಡ ಗಂಡನ ಗುಂಡಿಗೆಯನ್ನು ಕಣ್ಣಾರೆ ನೋಡುವ ಭಾಗ್ಯ ಯಾರಿಗುಂಟು! ಕಾಟಮ್ಮ ಹಿಗ್ಗಿ ಹೀರೇಕಾಯಿಯಾದಳು. ಅಷ್ಟರಲ್ಲಿ ಪರದೆಯಲ್ಲಿ ಕೆಂಪು ಗುರುತು ಬಂತು, ಜುಂಜಯ್ಯ ಏದುಸಿರು ಬಿಡುತ್ತ ಎದ್ದು ಕೂತ.

"ಗುಂಡಿಗೆ ಸೋತೈತೆ ಅಂತ ತೋರಿಸ್ತೈತೆ. ಮಲಗಿದ್ರೆ ಉಸಿರು ಕಟ್ಟತ್ತಾ ಅಜ್ಜ?"

"ನಮ್ಮೋರು ಮಲಗಾದೇ..." ಎಂದ ಕಾಟಮ್ಮನ ಮಾತು ಅಲ್ಲೇ ನಿಂತಿತು.

ಜುಂಜಯ್ಯ ನೆಲ ನೋಡುತ್ತ ಹೇಳಿದ: "ನಾ ಕುಂತಿದ್ದು ತೋಳಕ್ಕಲ್ಲ ಕಣೇ. ಮಲಗಿದ್ರೆ ನೀರಾಗೆ ಮುಳುಗ್ದಂಗೆ ಆಗ್ತಿತ್ತು. ನೀನು ಅಷ್ಟು ಹೊಗಳ್ತಿದ್ದೆ, ಹೆಂಗೆ ಹೇಳ್ಲಿ?"

ಕಾಟಮ್ಮನಿಗೆ ಅಳುವೂ ಬಂತು, ಸಿಟ್ಟೂ ಬಂತು. "ನನ್ನ ಬಾಯಿಗೆ ಬೆಂಕಿ ಹಾಕ! ಏಳ್ರಿ, ಈಗ್ಲೇ ಹೋಗಾಣ. ಕುರಿ ಹರೀಶ ನೋಡ್ಕಂತಾನೆ."

ಚಿತ್ರದುರ್ಗದಲ್ಲಿ ಡಾಕ್ಟರ್ ಲಕ್ಷ್ಮೀಕಾಂತ್ ತಾವೂ ಪರೀಕ್ಷೆ ಮಾಡಿದರು. "ಮಿಷನ್ನಿಗೆ ಬಂದ ಅನುಮಾನ ನಿಜ. ಆದ್ರೆ ಸರಿಯಾದ ಟೈಮಿಗೆ ಬಂದೀರಿ. ಗುಳಿಗೆ ಬಿಡಬ್ಯಾಡ್ರಿ, ಉಪ್ಪು ಕಮ್ಮಿ ಮಾಡ್ರಿ" ಎಂದರು. ಕಾಟಮ್ಮ ಅಂದಿನಿಂದ ಸಾರಿಗೆ ಉಪ್ಪು ಹಾಕುವಾಗ ಕೈ ಬಿಗಿಹಿಡಿದಳು. ಕಾಲಿನ ಊತ ಇಳಿಯಿತು.

ಒಂದು ಮಧ್ಯಾಹ್ನ ಮುದ್ದೆ ತಂದವಳು ಹೊಂಗೆಮರದ ಕೆಳಗೆ ಗಕ್ಕನೆ ನಿಂತಳು. ಜುಂಜಯ್ಯ ಕೈಕಾಲು ಚಾಚಿ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದ. ಮುದ್ದೆಯ ಬುಟ್ಟಿ ಅಲ್ಲೇ ಇಟ್ಟು ಟ್ಯಾಂಕಿನ ಕಡೆ ಓಡಿದಳು.

"ಬರ್ರೇ, ನೋಡ್ಬರ್ರೇ! ನಮ್ಮೋರು ಮಲಗವ್ರೆ!"

ಪಕ್ಕದ ಮನೆಯ ಮಾರಪ್ಪ ಕುಟುಕಿದ: "ಈಗ ತೋಳ ಬಂದ್ರೆ ಏನ್ ಮಾಡ್ತೀಯವ್ವ?"

"ಬರ್ಲಿ ಬಿಡಪ್ಪ" ಎಂದಳು ಕಾಟಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಆ ಗೊರಕೆ ಕೇಳಿ ಅದೇ ಓಡೋಗ್ತೈತೆ."